ಆಡು ಮೇಯುವ ಮಾಳಗಿ

ಹುಮನಾಬಾದಿಗೆ ಬಂದ ಮೊದಲ ವಾರದಲ್ಲೇ ನನ್ನ ಕಾಫಿ ಲೋಟದೊಳಕ್ಕೆ ಮಣ್ಣಿನ ಹೆಂಟೆಯೊಂದು ಬಿತ್ತು. ತಲೆಯೆತ್ತಿ ನೋಡಿದರೆ ಸೂರಿನ ಬೆಳಕಿಂಡಿಯಿಂದ ಒಂದು ಆಡು ಇಣುಕುತ್ತಿತ್ತು. ಬಾಯಲ್ಲಿ ಹಸಿರು ಹುಲ್ಲು. ಗಡ್ಡ ಅಲ್ಲಾಡಿಸುತ್ತ ನನ್ನನ್ನೇ ನೋಡುತ್ತ ಸಾವಕಾಶವಾಗಿ ಅಗಿಯುತ್ತಿತ್ತು. ಅದು ಕರಿ ಆಡು ಎಂದು ನನ್ನ ನೆನಪು. ಆ ದಿನದ ದಿನಚರಿಯಲ್ಲಿ ಮಾತ್ರ ‘ಕಂದು ಆಡು’ ಎಂದು ಬರೆದುಕೊಂಡಿದ್ದೇನೆ. ಬಣ್ಣದ ವಿಷಯ ಬಿಡಿ, ಆಡು ಇದ್ದದ್ದು ನಿಜ, ನನ್ನ ತಲೆಯ ಮೇಲೆ ಮೇಯುತ್ತಿದ್ದದ್ದೂ ನಿಜ.

ನಮ್ಮ ಮೈಸೂರಿನಲ್ಲಿ ಮನೆಯ ಮೇಲೆ ಹೆಂಚು, ಹೆಂಚಿನ ಮೇಲೆ ಕಾಗೆ, ಅಲ್ಲಿಗೆ ಮುಗಿಯಿತು. ಇಲ್ಲಿ ಮನೆಯ ಮೇಲೂ ಒಂದು ಊರಿದೆ. ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೊಣಕಾಲುದ್ದ ಮಣ್ಣು. ಇದಕ್ಕೆ ಇಲ್ಲಿಯವರು ಮಾಳಗಿ ಎನ್ನುತ್ತಾರೆ. ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಹೆಂಗಸರು ತಲೆ ಬಾಚಿಕೊಳ್ಳುತ್ತಾರೆ, ಬೀದಿಗೆ ಇಳಿಯದೆ ನಾಲ್ಕು ಮನೆ ದಾಟಿ ಹೋಗಿ ಬರುತ್ತಾರೆ. ರಾಜ್ಯ ಒಂದಾಗಿ ಕೆಲವೇ ವರ್ಷ ಆಗಿತ್ತು. ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದ ನನಗೆ ಕನ್ನಡದ ಊರಿಗೇ ಬಂದಿದ್ದೇನೆಂಬ ಧೈರ್ಯವಿತ್ತು. ಆದರೆ ಮೊದಲ ತಿಂಗಳು ನಾನು ಮಾತಾಡಿದರೆ ಮಕ್ಕಳು ನಗುತ್ತಿದ್ದರು, ಅವರು ಮಾತಾಡಿದರೆ ನಾನು ಎರಡೆರಡು ಸಲ ಕೇಳುತ್ತಿದ್ದೆ. ಸಂಜೆ ಮಾತಿಗೆ ಯಾರೂ ಇಲ್ಲದೆ ಪಠ್ಯಪುಸ್ತಕವನ್ನೇ ಗಟ್ಟಿಯಾಗಿ ಓದಿಕೊಂಡದ್ದೂ ಉಂಟು.

ನಾನಿದ್ದದ್ದು ಮೂವರು ಅಣ್ಣತಮ್ಮಂದಿರಲ್ಲಿ ಮೂರು ಪಾಲಾದ ಒಂದು ಮನೆಯ ನಡುವಿನ ಭಾಗದಲ್ಲಿ. ಅದು ಹಿರಿಯ ಅಣ್ಣನ ಪಾಲು; ಅವರು ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದರು. ಎಡಕ್ಕೆ ಒಬ್ಬ ತಮ್ಮನ ಹೆಂಡತಿ ಗಂಗವ್ವ, ಬಲಕ್ಕೆ ಇನ್ನೊಬ್ಬ ತಮ್ಮನ ಹೆಂಡತಿ ಶಾಂತಾಬಾಯಿ. ಆಡು ಗಂಗವ್ವನದು. ಹಿಂದಿನ ಬೇಸಿಗೆಯಲ್ಲಿ ಅದು ಮಾಳಗಿಯ ಮೇಲೆಯೇ ನಡೆದುಹೋಗಿ ಶಾಂತಾಬಾಯಿ ಒಣಹಾಕಿದ್ದ ಹಪ್ಪಳವನ್ನೆಲ್ಲ ತಿಂದಿತ್ತಂತೆ. ಅಂದಿನಿಂದ ಓರಗಿತ್ತಿಯರಿಬ್ಬರಿಗೂ ಮಾತಿಲ್ಲ. ನಾನು ಬಾಡಿಗೆಗೆ ಹಿಡಿದದ್ದು ಆ ಮೌನದ ನಟ್ಟನಡುವಿನ ಕೋಣೆಯನ್ನು.

ಮಳೆಗಾಲದ ಕೊನೆಯ ಮಳೆಗಳು ಬಂದಾಗ ಇನ್ನೊಂದು ವಿಚಿತ್ರ ತಿಳಿಯಿತು. ಹೆಂಚಿನ ಮೇಲೆ ಮಳೆ ಎಂದರೆ ನಮಗೆ ಎಷ್ಟು ಸದ್ದು! ಇಲ್ಲಿ ಮಣ್ಣು ಅದನ್ನು ಸುಮ್ಮನೆ ನುಂಗಿಬಿಡುತ್ತದೆ. ಮಳೆ ಬಂದದ್ದು ನನಗೆ ಗೊತ್ತಾಗುತ್ತಿದ್ದದ್ದು ಸೋರುವ ಹನಿ ತಪ್ಪೇಲಿಗೆ ಟಪ್ಪೆಂದು ಬಿದ್ದಾಗಲೇ.

ಬೇಸಿಗೆ ಬಂದಾಗ, ತಾವು ಬರುವುದಾಗಿ ಅಪ್ಪ ಕಾಗದ ಬರೆದರು. ಅವರು ಸರ್ಕಾರಿ ಕಟ್ಟಡಗಳ ಓವರ್ಸಿಯರ್ ಆಗಿದ್ದು ನಿವೃತ್ತರಾದವರು. ಒಂದು ವರ್ಷದ ಮಟ್ಟಿಗೆ ಎಂದು ನನ್ನನ್ನು ಕಳಿಸಿದ್ದರು. ಮಳೆ ಹಿಡಿದಾಗ ಬಂದು ಮನೆ ನೋಡುತ್ತೇನೆ, ಸರಿಯಿಲ್ಲದಿದ್ದರೆ ಕರೆದುಕೊಂಡೇ ಹೋಗುತ್ತೇನೆ ಎಂಬುದು ಅವರ ಮಾತು. ಅಷ್ಟರಲ್ಲಿ ನನ್ನ ರೊಟ್ಟಿ ದುಂಡಗಾಗತೊಡಗಿತ್ತು; ಮಕ್ಕಳು ನಗುವುದನ್ನು ಬಿಟ್ಟು ನನ್ನ ಹಾಗೆ ಮಾತಾಡಿ ತೋರಿಸತೊಡಗಿದ್ದರು. ಹೋಗಲು ಮನಸ್ಸಿರಲಿಲ್ಲ. ಸೋರುವ ಸೂರನ್ನು ಕಂಡರೆ ಅಪ್ಪ ಬೇರೇನನ್ನೂ ನೋಡುವವರಲ್ಲ.

ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ ಮನೆಯ ಯಜಮಾನರನ್ನು ಕಂಡೆ. ಅವರು ಎದುರು ಬದಿಯ ಚಹದಂಗಡಿಯ ಕಡೆ ಕೈ ತೋರಿಸಿದರು. ಅಲ್ಲಿ ಕೂತಿದ್ದವರೇ ಮೌಲಾಸಾಬ ಗುತ್ತೇದಾರ. ಗುತ್ತಿಗೆ ಹಿಡಿಯುವವರಿಗೆ ಇಲ್ಲಿ ಗುತ್ತೇದಾರ ಎನ್ನುತ್ತಾರೆ. ಮಿರಗ, ಅಂದರೆ ಮೃಗಶಿರ ಮಳೆ, ಕಾಲಿಡುವ ಮುನ್ನ ಮಾಳಗಿಯ ಹುಲ್ಲು ಕಿತ್ತು, ಕೊಚ್ಚಿಹೋದ ಮೇಲ್ಮಣ್ಣು ಕೆರೆದು, ಹೊಸ ಬಿಳಿಮಣ್ಣು ಹಾಕಿ ಬಡಿಸಬೇಕು. ಆ ದಿನಗಳಲ್ಲಿ ಮೌಲಾಸಾಬರ ಗತ್ತು ಜಿಲ್ಲಾಧಿಕಾರಿಗೂ ಇರಲಿಕ್ಕಿಲ್ಲ. ಎರಡು ಚಹ ಕುಡಿಸಿದ ಮೇಲೆ ಬರಲು ಒಪ್ಪಿದರು.

ಬಂದು ಮಾಳಗಿ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ನೋಡಿ, “ಆಗಂಗಿಲ್ರಿ ಬಾಯಾರ,” ಎಂದರು. ಮೇಡಂ ಎನ್ನುವ ಕಡೆ ಇಲ್ಲಿ ‘ಬಾಯಾರ’.

“ಯಾಕೆ?”

“ಮೂರೂ ಮನಿದು ಒಂದ ಮಾಳಗಿ ಐತ್ರಿ. ಆ ಮನಿ ನೀರು ನಿಮ್ಮ ಮ್ಯಾಲೆ ಹಾದು ಈ ಮನಿ ದೋಣಿಗಿ ಬೀಳ್ತದ. ನಿಮ್ದೊಂದ ಮಾಡ್ರಿ ಅಂದ್ರ ಹ್ಯಾಂಗ? ಕಂಬಳಿ ನಡಕಷ್ಟೇ ಒಗದಂಗಾತು.”

ದೋಣಿ ಎಂದರೆ ಇಲ್ಲಿ ಮಾಳಗಿಯ ನೀರು ಹೊರಬೀಳುವ ಕೊಳವೆ. ಮೂರು ಮನೆಯವರೂ ಒಪ್ಪಬೇಕು, ಇಲ್ಲವೆಂದರೆ ತಾವು ಚಿಟಗುಪ್ಪದ ಕೆಲಸಕ್ಕೆ ಹೊರಡುವುದೇ ಎಂದು ಅಲ್ಲೇ ಕೂತು ಬೀಡಿ ಹಚ್ಚಿದರು.

ಮೊದಲು ಗಂಗವ್ವನನ್ನು ಕೇಳಿದೆ. “ಹುಲ್ಲು ಕಿತ್ತರ ನನ್ನ ಆಡು ಏನು ಮಣ್ಣು ತಿನ್ನಬೇಕೇನ್ರಿ?” ಎಂದಳು. ಒಣಗಿದರೂ ಅದು ಮಿರಗದವರೆಗಿನ ಮೇವು.

ಶಾಂತಾಬಾಯಿ ಎದುರು ತುದಿಯಲ್ಲೇ ನಿಂತಿದ್ದಳು. ಕೇಳಿಸಿಕೊಂಡದ್ದು ಮುಖದಲ್ಲಿ ಕಾಣುತ್ತಿತ್ತು. ಆದರೂ ನನ್ನ ಕಡೆ ತಿರುಗಿ, “ಬಾಯಾರ, ಅಕಿಗಿ ಹೇಳ್ರಿ. ಕಿತ್ತ ಹುಲ್ಲೆಲ್ಲ ಅಕಿನೇ ಒಯ್ಲಿ, ನನ್ನ ಕಡೀದು ಮಾತ್ರ ಬಿಟ್ಟು. ನನ್ನ ಮಾಳಗಿ ಎಸಳೂ ಆ ಸುಡುಗಾಡ ಆಡಿನ ಹೊಟ್ಟಿಗಿ ಹೋಗಬಾರದು,” ಎಂದಳು.

“ಬಾಯಾರ, ಇಕಿಗೂ ಹೇಳ್ರಿ. ನನ್ನ ಆಡು ಇಕಿ ಹಪ್ಪಳ ತಿಂದು ಮೂರು ದಿನ ಹೊಟ್ಟಿ ನೋಯಿಸ್ಕೊಂಡದ. ಉಪ್ಪು ಹಾಕೂದು ಕಲೀಲಿ ಅಂತ ಹೇಳ್ರಿ.”

ಮೌಲಾಸಾಬರು ಬೀಡಿ ಮರೆತು ಕೂತಿದ್ದರು. ನಾನು ಇಬ್ಬರ ನಡುವೆ ನಿಂತು, ಕೇಳಿಸಿದ್ದನ್ನೇ ಮತ್ತೆ ಹೇಳುತ್ತ, ಇದಕ್ಕೇನಾ ನಾನು ಎಂ.ಎ. ಓದಿದ್ದು ಎಂದುಕೊಂಡೆ. ಆಮೇಲೆ ಹೊಳೆಯಿತು: ನನ್ನನ್ನು ದಾಟಿಕೊಂಡು ಮಾತು ಹೋಗಬಹುದಾದರೆ ಹುಲ್ಲೂ ಹೋಗಬಹುದು.

“ಶಾಂತಾಬಾಯಿ, ನಿಮ್ಮ ಕಡೆಯ ಹುಲ್ಲನ್ನು ನನಗೆ ಕೊಟ್ಟುಬಿಡಿ,” ಎಂದೆ.

“ನಿಮಗ್ಯಾಕ್ರಿ ಹುಲ್ಲು?”

“ನನಗೆ ಬೇಕು. ಆಮೇಲೆ ನಾನೇನು ಮಾಡಿದರೂ ನೀವು ಕೇಳಬಾರದು.”

ಅವಳು ನನ್ನನ್ನು ನೋಡಿದಳು, ಆಡನ್ನು ನೋಡಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು, “ನಿಮಗಂದ್ರ ಒಯ್ರಿ. ನೀವು ತಿಂದ್ರೂ ನಾ ಕೇಳಂಗಿಲ್ಲ,” ಎಂದಳು. ಮೂರು ಪಾಲಿನ ಹುಲ್ಲೂ ಆಡಿಗೆ ಸಿಕ್ಕರೆ ಸಾಕೆಂದು ಗಂಗವ್ವನೂ ತಲೆಯಾಡಿಸಿದಳು.

ಈ ಉಪಾಯ ನನ್ನದೇ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಮೌಲಾಸಾಬರು ಅದನ್ನು ತಮ್ಮದೆಂದು ಬಸವಕಲ್ಯಾಣದ ತುಂಬ ಹೇಳಿದ್ದಾರಂತೆ. ಅವರು ಮೊದಲೇ ಏನಾದರೂ ಗೊಣಗಿದ್ದರೇ, ನಾನು ಅದನ್ನೇ ಎತ್ತಿಕೊಂಡೆನೇ? ಪ್ರಾಮಾಣಿಕವಾಗಿ ಹೇಳಲಾರೆ.

ಮರುದಿನ ಕೆಲಸ ಹಿಡಿಯಿತು. ಶಾಂತಾಬಾಯಿಯ ಹುಲ್ಲಿನ ಹೊರೆ ನನ್ನ ಪಾಲಿನ ಮಾಳಗಿಯ ಮೇಲೆ ಒಂದು ಗಳಿಗೆ ಕೂತು, ಗಂಗವ್ವನ ಕಡೆಗೆ ದಾಟಿತು. ಬಿಳಿಮಣ್ಣು ಬಿತ್ತು, ಹೆಣ್ಣಾಳುಗಳು ಸಾಲಾಗಿ ಕೂತು ಮರದ ಬಡಿಗೆಯಿಂದ ಬಡಿದರು, ಮಣ್ಣು ನೆಲದ ಹಾಗೆ ಗಟ್ಟಿಯಾಯಿತು. ಕೊನೆಯ ದಿನ ಗಂಗವ್ವ ಒಂದು ಬುಟ್ಟಿ ಹಪ್ಪಳ ತಂದು, “ನಿಮಗ ಕೊಡ್ಲಾಕತ್ತೀನ್ರಿ ಬಾಯಾರ, ಮತ್ಯಾರಿಗೂ ಅಲ್ಲ,” ಎಂದಳು. ಬುಟ್ಟಿಯನ್ನು ನಾನು ನೆಲಕ್ಕೂ ಇಡಲಿಲ್ಲ. ಹಾಗೇ ಬಲಕ್ಕೆ ತಿರುಗಿ ಶಾಂತಾಬಾಯಿಯ ಕೈಗೆ ಕೊಟ್ಟೆ. ಅವಳು ಅಲ್ಲೇ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು, “ಉಪ್ಪು ಕಮ್ಮಿ ಆಗ್ಯದಂತ ಹೇಳ್ರಿ,” ಎಂದಳು.

ಅಪ್ಪ ಗುಲ್ಬರ್ಗಾದವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದರು. ಬಂದವರೇ ಮಾಳಗಿ ಹತ್ತಿ ಕೊಡೆಯ ತುದಿಯಿಂದ ಕುಟ್ಟಿ ನೋಡಿದರು. “ಮಣ್ಣು ಅಂದ್ರೆ ಮಣ್ಣೇ ಕಣಮ್ಮ. ಒಂದು ಒಳ್ಳೆ ಮಳೆ ಬರಲಿ, ಆಮೇಲೆ ಮಾತಾಡೋಣ,” ಎಂದರು. ಬೆಳಿಗ್ಗೆ ಪಕ್ಕದ ಮಾಣಿಕನಗರದವರೆಗೆ ನಡೆದು ಬರುವುದು, ಊಟ, ಬಾಗಿಲು ಹಾಕಿಕೊಂಡು ನಡುಮನೆಯಲ್ಲಿ ನಿದ್ದೆ, ಎದ್ದು ಸೂರು ನೋಡುವುದು. ಮೋಡ ಬರುತ್ತಿತ್ತು, ಹೋಗುತ್ತಿತ್ತು. ನಾನು ಶಾಲೆಗೆ ಹೋದರೂ ಜೀವ ಮಾಳಗಿಯ ಮೇಲೆಯೇ.

ಒಂದು ಭಾನುವಾರ ಮಧ್ಯಾಹ್ನ ಬೆಳಕಿಂಡಿಗೆ ಕಲ್ಲು ಮುಚ್ಚಿ ಇಬ್ಬರೂ ಮಲಗಿದೆವು. ಅಪ್ಪ ಎದ್ದು, ಮೇಲೆ ನೋಡಿ, ಆಕಳಿಸಿದರು.

“ಈ ಊರಲ್ಲಿ ಮಳೆ ಅನ್ನೋದೇ ಇಲ್ಲವೇನಮ್ಮ? ಅದನ್ನು ನೋಡದೆ ನಿನ್ನನ್ನು ಬಿಟ್ಟು ಹೋಗೋದು ಹೇಗೆ?”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆಗೆದರೆ ಗಂಗವ್ವ, ಗೋಣಿಚೀಲದ ಕೊಪ್ಪೆ ಹೊದ್ದು ತೊಟತೊಟ ತೊಟ್ಟಿಕ್ಕುತ್ತ ನಿಂತಿದ್ದಳು. ಹಿಂದೆ ಓಣಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅವಳ ಹಿಂದೆ, ಅದೇ ಕೊಪ್ಪೆಯ ಅಂಚು ಹಿಡಿದುಕೊಂಡು ಶಾಂತಾಬಾಯಿ.

“ಬಾಯಾರ, ಮಿರಗ ಬಂದು ತಾಸಾತು, ಒಳಗೇನು ಮಾಡ್ಲಾಕತ್ತೀರಿ? ಸೋರಿತೇನ ಅಂತ ನೋಡ್ಲಾಕ ಬಂದೀವಿ.”

ಅಪ್ಪ ಸೂರು ನೋಡಿದರು. ಎದ್ದು ಗೋಡೆ ಮುಟ್ಟಿದರು, ಮೂಲೆ ಮೂಲೆ ನೋಡಿದರು. ಎಲ್ಲಿಯೂ ಪಸೆಯಿರಲಿಲ್ಲ. ಆಮೇಲೆ ಬಾಗಿಲಿಗೆ ಬಂದು ಕೈ ಚಾಚಿ ಮಳೆಯನ್ನೇ ಮುಟ್ಟಿ ನೋಡಿದರು.

“ಕಾಕಾ, ಖರೇ ಮಳಿನೇ ಐತ್ರಿ,” ಎಂದಳು ಶಾಂತಾಬಾಯಿ.

ಎರಡು ದಿನ ಬಿಟ್ಟು ಅಪ್ಪ ಹೊರಟರು, ಒಬ್ಬರೇ. ಬಸ್ಸಿನ ಕಿಟಕಿಯಿಂದ, “ಮಳೆ ಬಂದರೂ ಗೊತ್ತಾಗದ ಮನೆಯಲ್ಲಿ ಹೇಗಿರ್ತೀಯೆ?” ಎಂದು ಕೇಳಿದರು.

“ಯಾರಾದರೂ ಬಂದು ಹೇಳ್ತಾರಪ್ಪ,” ಎಂದೆ.

ಆ ಒಂದು ವರ್ಷ ಇಪ್ಪತ್ತನ್ನು ದಾಟಿದೆ. ಅಪ್ಪ ಈಗಿಲ್ಲ. ಇಲ್ಲಿ ಅಕ್ಕಪಕ್ಕದಲ್ಲಿ ಸಿಮೆಂಟಿನ ಸೂರುಗಳು ಏಳುತ್ತಿವೆ. ನಮ್ಮ ಮೂರು ಮನೆಯ ಮಾಳಗಿಗೆ ಇನ್ನೂ ಮಿರಗಕ್ಕೆ ಮುಂಚೆ ಮಣ್ಣು ಬೀಳುತ್ತದೆ. ಇಲ್ಲಿ ನಾನು ಮೈಸೂರು ಬಾಯಾರ. ಮೈಸೂರಿನಲ್ಲಿ ಬಾಯಿ ತೆರೆದರೆ ನನ್ನ ತಮ್ಮನ ಮಕ್ಕಳು, “ಅತ್ತೆ ಬಿಜಾಪುರದವರ ಥರ ಮಾತಾಡ್ತಾರೆ,” ಎಂದು ನಗುತ್ತಾರೆ. ಬಿಜಾಪುರ ಅಲ್ಲ ಎಂದು ತಿದ್ದುವುದನ್ನು ಬಿಟ್ಟಿದ್ದೇನೆ.

ಕಳೆದ ರಜೆಯಲ್ಲಿ ಮೈಸೂರಿನ ಮನೆಯಲ್ಲಿ, ಅಪ್ಪನ ಕೋಣೆಯಲ್ಲಿ ಮಧ್ಯಾಹ್ನ ಮಲಗಿದ್ದೆ. ಹೆಂಚಿನ ಮೇಲೆ ಒಮ್ಮೆಲೇ ಮಳೆ ಸುರಿಯಿತು, ನಾನು ಚಿಕ್ಕಂದಿನಿಂದ ಕೇಳಿದ ಅದೇ ಸದ್ದು. ಹಿತ್ತಲಲ್ಲಿ ಬಟ್ಟೆ ತೆಗೆಯಲು ಎಲ್ಲರೂ ಓಡಿದರು. ನಾನು ಎದ್ದು ಕೂತೆ. ಸದ್ದು ಕಿವಿ ತುಂಬುವಷ್ಟಿತ್ತು, ಆದರೂ ಬಾಗಿಲ ಕಡೆಗೇ ನೋಡುತ್ತ ಸ್ವಲ್ಪ ಹೊತ್ತು ಕೂತೇ ಇದ್ದೆ, ಯಾರಾದರೂ ಬಂದು ಮಳೆ ಬಂತೆಂದು ಹೇಳಲಿ ಎಂದು.