ತೆಗಿ ಅಂದರೆ ಯಾವ ತೆಗಿ?

ಅಜ್ಜಿ ಅವನನ್ನು ಮೊದಲು ಕಂಡದ್ದು ಲಿಫ್ಟ್ ಕೆಟ್ಟ ದಿನ. ಅವಳ ಮನೆ ಲಿಫ್ಟಿನ ಪಕ್ಕದಲ್ಲೇ. ಬಾಗಿಲು ತೆರೆದರೆ, ಟೆಸ್ಟರನ್ನು ಬಾಯಲ್ಲಿ ಕಚ್ಚಿಕೊಂಡು ಮೇನ್ ಸ್ವಿಚ್ಚಿಗೂ ಮೆಟ್ಟಿಲಿಗೂ ಶತಪಥ ಹಾಕುತ್ತಿದ್ದ. ಒಂದು ಕಡೆ ನಿಲ್ಲುವುದು ಆ ವೈರ್‌ಮನ್‌ನ ಜಾಯಮಾನವಲ್ಲ. ಅದಕ್ಕೇ ಕಟ್ಟಡದವರು ಅವನನ್ನು ಬುಗುರಿ ಎನ್ನುತ್ತಿದ್ದರು.

“ಮನೇಲಿ ಲೈಟ್ ಉರೀತಿದೆಯಲ್ಲಪ್ಪ, ಲಿಫ್ಟಿಗೇನು ರೋಗ?”

“ನಿಮ್ಮ ಲೈಟಿಗೆ ಒಂದು ಫೇಸ್ ಸಾಕಮ್ಮ. ಇದಕ್ಕೆ ಮೂರೂ ಬೇಕು. ಒಂದು ಕೈಕೊಟ್ಟಿದೆ. ಎರಡರಲ್ಲೇ ಓಡಿಸಿದ್ರೆ ಮೋಟಾರ್ ಸುಟ್ಟು ಕರಕಲು.”

ಮೇನ್ ಸ್ವಿಚ್ ಆರಿಸಿ, ಟ್ಯಾಂಕಿನ ವಾಲ್ವ್ ತಿರುಗಿಸುವ ನೀರಿನ ಮಾಮನನ್ನು ಅಲ್ಲಿ ಕಾವಲಿಗೆ ನಿಲ್ಲಿಸಿ, ಬುಗುರಿ ಮೇಲಿನ ಮೋಟಾರ್ ಕೋಣೆಗೆ ಓಡಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗಿದ. “ತೆಗೆದಿದೆ ತಾನೇ?” ಎಂದು ಕೇಳಿದ್ದನಂತೆ; ಲಿಫ್ಟ್ ಏರಿಳಿಯುವ ಬಾವಿ ಅರ್ಧ ನುಂಗಿ, ಕೆಳಗೆ ಬಂದದ್ದು “ತೆಗೀ” ಮಾತ್ರ. ಮಾಮ ಸ್ವಿಚ್ಚಿನ ಹಿಡಿಯನ್ನು ಮೇಲಕ್ಕೆ ತಳ್ಳಿ ಕರೆಂಟ್ ಕೊಡಲು ಹೋದ. ಅಜ್ಜಿ ಅವನ ಮಣಿಕಟ್ಟು ಹಿಡಿದಳು.

“ಏ, ಬಿಡೋ!”

“ತೆಗಿ ಅಂತಿದ್ದಾನಲ್ಲ!”

“ತೆಗೆದೇ ಇದೆ ಕಣೋ! ನಲ್ಲಿ ತೆಗೆದ್ರೆ ನೀರು ಬರುತ್ತೆ, ಸ್ವಿಚ್ ತೆಗೆದ್ರೆ ಕರೆಂಟ್ ಹೋಗುತ್ತೆ. ನೀನು ಹಾಕ್ತಿದ್ದೀಯ!”

ಗಲಾಟೆ ಕೇಳಿ ಬುಗುರಿ ಇಳಿದು ಬಂದ. “ಎರಡೂ ಕೈಲಿ ತಂತಿ ಹಿಡ್ಕೊಂಡಿದ್ದೆ, ಮಾಮ.”

“ನನ್ನ ಬೈಬೇಡಪ್ಪ, ಭಾಷೇನ ಬೈ” ಎಂದ ಮಾಮ.

ಆಮೇಲೆ ಲಿಫ್ಟಿನ ಕೆಲಸವಿದ್ದಾಗಲೆಲ್ಲ ಅವನು ಮೊದಲು ತಟ್ಟುತ್ತಿದ್ದದ್ದು ಅಜ್ಜಿಯ ಬಾಗಿಲು. ಅವಳು ಸ್ವಿಚ್ಚಿನ ಕೆಳಗೆ ಕುರ್ಚಿ ಹಾಕಿಕೊಂಡು ಸೊಪ್ಪು ಸೋಸುತ್ತ ಕೂರುತ್ತಿದ್ದಳು. ಮೇಲಿನಿಂದ ಗಳಿಗೆಗೊಮ್ಮೆ “ಅಮ್ಮಾ, ಇದ್ದೀರಾ?” ಎಂಬ ಕೂಗು.

“ಇದ್ದೀನಪ್ಪ, ಎಲ್ಲಿಗೆ ಹೋಗ್ಲಿ?”

ಸಾಮಾನು ಹೊತ್ತು ಬಂದವರು ಸಿಡುಕುತ್ತಿದ್ದರು. “ಒಂದ್ಸಲ ಹಾಕಿ ಅಜ್ಜಿ, ಮೇಲೆ ಹೋಗ್ಬಿಡ್ತೀವಿ.”

“ಅವನು ಬಂದು ನನ್ನೆದುರು ನಿಲ್ಲಲಿ, ಆಮೇಲೆ.”

ಈಚೆಗೆ ಬೀದಿಯ ಕೊನೆಯ ಎತ್ತರದ ಕಟ್ಟಡದಲ್ಲಿ ಹೊಸ ಲಿಫ್ಟಿಗೆ ವೈರ್ ಎಳೆಯುವ ಕೆಲಸ ಅವನಿಗೆ ಸಿಕ್ಕಿತು. ಹೇಳಲು ಬಂದವನು ಹೊಸಿಲ ಹೊರಗೇ ಚಪ್ಪಲಿ ಬಿಡುತ್ತ, ಮೆಟ್ಟುತ್ತ ನಿಂತ.

“ಸ್ವಿಚ್ ಹತ್ರ ಯಾರಿರ್ತಾರೆ ಅಲ್ಲಿ?”

“ಯಾರೋ ಕಾವಲಿನವನಂತೆ. ಹಾಕು, ತೆಗಿ ಅಂದ್ರೆ ಏನು ತಿಳ್ಕೋತಾನೋ.” ಎರಡು ಹೆಜ್ಜೆ ಹೋಗಿ ತಿರುಗಿ ಬಂದ. “ಅಮ್ಮಾ, ನೀವೇ ಬಂದು ಕೂತಿರ್ತೀರಾ?”