ಹದಿನಾಲ್ಕು ಬಕೆಟ್‌ಗಳ ದ್ವೀಪ

ಬೆಳಗಿನ ಆರೂವರೆ. ಆಕ್ಲೆಂಡ್‌ನಿಂದ ಒಂದು ಗಂಟೆ ದೋಣಿಯಲ್ಲಿ ಬಂದರೆ ಸಿಗುವ ಈ ಪುಟ್ಟ ದ್ವೀಪದಲ್ಲಿ ಅಂಗಡಿಯಿಲ್ಲ, ಡಾಕ್ಟರಿಲ್ಲ. ಇರುವುದು ಒಬ್ಬರೇ ನರ್ಸ್, ಗದಗಿನ ಜಮೀಲಾ. ವಯಸ್ಸು ಅರವತ್ತೊಂದು. ತಲೆಗೆ ಉಣ್ಣೆಯ ಸ್ಕಾರ್ಫ್ ಬಿಗಿದುಕೊಂಡು, ಯೂಟ್ ಎಂಬ ಕೆಮ್ಮುವ ಹಳೇ ಪಿಕಪ್ ಗಾಡಿ ಓಡಿಸುತ್ತಾ ಒಂದೊಂದೇ ಗೇಟು ನೋಡುತ್ತಾರೆ. ಗೇಟಿಗೊಂದು ಬಕೆಟ್. ಹದಿನಾಲ್ಕನೆಯದು ಕಂಡ ಮೇಲೇ ಅವರಿಗೆ ಚಹಾ ನೆನಪಾಗುವುದು.

ಒಂಟಿಯಾಗಿರುವ ಹದಿನಾಲ್ಕು ಮಂದಿ ವೃದ್ಧರು ಆರೂವರೆಯೊಳಗೆ ಬಕೆಟ್ ಹೊರಗಿಡಬೇಕು. ಇದು ಜಮೀಲಾ ಮಾಡಿದ ಕಾನೂನು, ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಇಲ್ಲ.

"ನಮ್ಮ ಓಣ್ಯಾಗ ಎಂಟ ದಿನಕ್ಕೊಮ್ಮೆ ನಳ ಬರ್ತಿತ್ರೀ. ಯಾರ ಮನಿ ಕೊಡ ಪಾಳ್ಯಾಗ ಇಲ್ಲೋ, ಅವರ ಮನ್ಯಾಗ ಯಾರಿಗೋ ಜಡ್ಡಾಗೇತಿ ಅಂತ ನಮ್ಮ ಅಮ್ಮಿ ಓಡಿ ಹೋಗ್ತಿದ್ರು," ಎನ್ನುತ್ತಾರೆ ಜಮೀಲಾ.

ಮೊದಮೊದಲು ಇದೇನು ಹುಚ್ಚು ಎಂದು ದ್ವೀಪದವರು ನಕ್ಕರು. ಒಂಬತ್ತು ವರ್ಷಗಳಲ್ಲಿ ನಾಲ್ಕು ಬಾರಿ ಬಕೆಟ್ ಕಾಣಲಿಲ್ಲ. ಮೂವರು ಬದುಕಿದರು. ನಾಲ್ಕನೆಯವರ ಗೇಟಿನ ಮುಂದೆ ಜಮೀಲಾ ಇಂದಿಗೂ ಗಾಡಿ ನಿಧಾನ ಮಾಡುತ್ತಾರೆ.

ಗಂಡ ಕರೀಮ್ ತೀರಿಕೊಂಡ ಮೇಲೆ ಇವರೂ ಒಂಟಿ. ಆಕ್ಲೆಂಡ್‌ನ ಹಿಲ್ಸ್‌ಬರೋದಲ್ಲಿರುವ ಮಗಳು ಉಮೈರಾ ಫೋನು ಮಾಡಿದಾಗಲೆಲ್ಲ ಒಂದೇ ಪಟ್ಟು: "ಅಮ್ಮಿ, ಎಲ್ಲರನ್ನೂ ನೀವ್ ಚೆಕ್ ಮಾಡ್ತೀರಿ. ನಿಮ್ಮನ್ನ ಚೆಕ್ ಮಾಡೋರು ಯಾರು? ಪ್ಲೀಸ್, ಬಂದ್ಬಿಡಿ." ಕಳೆದ ಜೂನ್‌ನಲ್ಲಿ ಜಮೀಲಾ ರಾಜೀನಾಮೆ ಪತ್ರ ಬರೆದೇಬಿಟ್ಟರು. ಅದನ್ನು ಕಳಿಸುವ ಮುನ್ನವೇ ಜ್ವರ ಬಂತು. ಎಂಥ ಜ್ವರ! ಮಂಚದಿಂದ ಕಾಲು ಕೆಳಗಿಡಲಾಗಲಿಲ್ಲ, ಅಂದು ಯೂಟ್ ಹೊರಡಲೇ ಇಲ್ಲ.

ಏಳು ಹತ್ತಕ್ಕೆ ಬಾಗಿಲು ಬಡಿದ ಸದ್ದು. ಹದಿನಾಲ್ವರಲ್ಲೊಬ್ಬರಾದ, ಎದುರು ಗುಡ್ಡದ ಮನೆಯ ಗ್ರಹಾಂ, ಎಂಬತ್ತಾರು ವರ್ಷ, ಎರಡೂ ಮೊಣಕಾಲು ಸವೆದವರು, ಕೋಲೂರಿಕೊಂಡು ಏದುಸಿರು ಬಿಡುತ್ತಾ ನಿಂತಿದ್ದರು.

"ನಿನ್ನ ಬಕೆಟ್ ಎಲ್ಲಿ ಅಂತ ಅಜ್ಜಾರು ನನಗ ಬೈದ್ರು ನೋಡ್ರೀ! ಮೊದಲನೇ ದಿನ ಹೆಂಗ ಇಡೂದಂತ ತೋರಸಾಕ ನನ್ನ ಗೇಟಿಗೂ ಒಂದಿಟ್ಟಿದ್ದೆ. ಆಮ್ಯಾಲ ಅದು ರೂಢಿ ಆತು, ಅಷ್ಟ. ಅಜ್ಜಾರು ಅವತ್ತಿನಿಂದ ದಿನಾ ಮುಂಜಾನೆ ಕಿಟಕ್ಯಾಗ ನಿಂತು ಅದನ್ನ ನೋಡ್ತಿದ್ರಂತ. ನನಗ ಗೊತ್ತಽ ಇರಲಿಲ್ಲ."

ಹೇಳುವಾಗ ಜಮೀಲಾರ ಕಣ್ಣು ತುಂಬುತ್ತದೆ. ಸ್ಕಾರ್ಫ್‌ನ ತುದಿಯಿಂದ ಒರೆಸಿಕೊಳ್ಳುತ್ತಾರೆ. ಆ ಪತ್ರ ಒಲೆ ಹೊತ್ತಿಸಲು ಬಳಕೆಯಾಯಿತಂತೆ.

ಮಗಳಿಗೇನು ಹೇಳಿದಿರಿ ಎಂದು ಕೇಳಿದರೆ ಯೂಟ್‌ನ ಬಾಗಿಲು ಎಳೆದುಕೊಳ್ಳುತ್ತಾ ನಗುತ್ತಾರೆ.

"ಇಲ್ಲಿ ಹದಿನಾಕು ಅಲ್ಲವ್ವಾ, ಹದಿನೈದು ಬಕೆಟ್ ಅದಾವು ಅಂದೆ."