ಎರಡು ಸೀರೆಯಷ್ಟು ತೂಕ

ಅನೀಸ್ ಅಹಮದರ ಲ್ಯಾಪ್‌ಟಾಪ್ ಎಷ್ಟು ಭಾರ ಎಂದು ಯಾರಾದರೂ ಕೇಳಿದರೆ ಅವರು ಕಿಲೋ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. "ಎರಡು ರೇಷ್ಮೆ ಸೀರೆ, ಮೇಲೊಂದು ರವಿಕೆ ಕಣ" ಎನ್ನುತ್ತಿದ್ದರು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಅದು ಎಲ್ಲರಿಗೂ ಅರ್ಥವಾಗುವ ತೂಕ. ಬೂದು ಬಣ್ಣದ ಪ್ಲಾಸ್ಟಿಕ್ಕಿನ, ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ ಲ್ಯಾಪ್‌ಟಾಪ್ ಅದು. ಕಳೆದ ಆಷಾಢದಲ್ಲಿ ಅನೀಸ್ ತೀರಿಕೊಂಡರು, ಐವತ್ತೇಳು ವರ್ಷಕ್ಕೆ. ಮೂತ್ರಪಿಂಡ ಕೈಕೊಟ್ಟ ಕೊನೆಯ ಎರಡು ವರ್ಷ ಅವರು ಹೊತ್ತು ತಿರುಗಿದ್ದು ಅಷ್ಟು ಭಾರವನ್ನು ಮಾತ್ರ. ಅದಕ್ಕಿಂತ ಹೆಚ್ಚಿನದನ್ನು ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈ ತಡೆಯುತ್ತಿರಲಿಲ್ಲ, ಬಲಗೈಗೆ ಮನಸ್ಸಿರಲಿಲ್ಲ.

ಅವರದು ಸೀರೆಯ ಸೆರಗಿಗೆ, ಅಂಚಿಗೆ ಚಿತ್ರ ಬರೆದುಕೊಡುವ ಕೆಲಸ. ಅವರ ಅಬ್ಬಾ ಚೌಕಳಿ ಕಾಗದದ ಮೇಲೆ ಬರೆಯುತ್ತಿದ್ದರು, ಅನೀಸ್ ಲ್ಯಾಪ್‌ಟಾಪಿನಲ್ಲಿ. ಕೆಲಸ ಒಂದೇ: ಒಂದೊಂದೇ ಚೌಕ ತುಂಬುವುದು. ಚಿತ್ರ ಮುಗಿದ ಮೇಲೆ ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಕಾರ್ಡಿನ ಸರ ಮಗ್ಗದ ತಲೆಯ ಮೇಲೆ ತಿರುಗಿದಂತೆಲ್ಲ ಕೆಳಗೆ ಹೂವೋ ಹಕ್ಕಿಯೋ ನೇಯ್ದು ಬರುತ್ತದೆ. ಹೆಣ್ಣಿನ ಚಿತ್ರ ಬರೆಯುತ್ತೀರಲ್ಲ ಸಾಹೇಬ್ರೆ, ನಿಮ್ಮಲ್ಲಿ ಅದು ತಪ್ಪಲ್ಲವೇ ಎಂದು ಯಾರಾದರೂ ಕೆಣಕಿದರೆ, "ನಾನೆಲ್ಲಿ ಹೆಣ್ ಬರೆದೆ? ಚುಕ್ಕಿ ಇಟ್ಟೆ. ಹೆಣ್ ಕಾಣ್ಸಿದ್ದು ನಿನ್ ಕಣ್ಗೆ" ಎಂದು ಕೇಳಿದವನ ಬಾಯಿ ಮುಚ್ಚಿಸುತ್ತಿದ್ದರು.

ಈಚೆಗೆ ಮಗ್ಗದ ಮಾಲೀಕರಿಗೆ ಸಿದ್ಧ ಡಿಸೈನುಗಳು ಫೋನಿಗೇ ಬಂದು ಬೀಳುತ್ತಿದ್ದವು. ಅನೀಸರನ್ನು ಕರೆಯುವವರು ಕಡಿಮೆಯಾದರು. ಅದಕ್ಕೆ ಅವರು ಗೊಣಗಲಿಲ್ಲ. ಆದರೆ ಟ್ರಂಕಿನಲ್ಲಿ ಅಬ್ಬಾ ಬರೆದ ಒಂದು ಸೆರಗಿನ ಚಿತ್ರ ಉಳಿದಿತ್ತು. ದೀಪ ಹಿಡಿದು ನಿಂತ ಹೆಂಗಸು. ಅದನ್ನು ನೇಯಿಸುವ ಮೊದಲೇ ಅಬ್ಬಾ ಹೋಗಿದ್ದರು. ಕಾಗದದ ಎರಡು ಮೂಲೆಗಳನ್ನು ಗೆದ್ದಲು ತಿಂದಿತ್ತು. ತನ್ನ ಕಾಲ ಮುಗಿಯುವುದರೊಳಗೆ ಆ ಹೆಂಗಸು ಒಮ್ಮೆ ಮಗ್ಗದಿಂದ ಇಳಿಯಬೇಕು ಎನ್ನುವುದೊಂದೇ ಅನೀಸರಿಗೆ ಬೇಕಾಗಿದ್ದದ್ದು.

ಹಳೆಯ ಪರಿಚಯದ ಮಾಲೀಕ ಚಿಕ್ಕಬೀರಪ್ಪ ಒಪ್ಪಿದ. "ಒಂದ್ ಮಗ್ಗ ಬಿಟ್ಕೊಡ್ತೀನಿ ಸಾಹೇಬ್ರೆ. ನಿಮ್ ಮುಖ ನೋಡಿ. ಇನ್ನೊಂದ್ ಸಲ ಕೇಳ್ಬೇಡಿ."

ಮಂಗಳವಾರ, ಶುಕ್ರವಾರ ಡಯಾಲಿಸಿಸ್. ನಾಲ್ಕು ಗಂಟೆ ಎಡಗೈಯನ್ನು ಅಲುಗಾಡಿಸುವಂತಿಲ್ಲ. ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಕಾಗದದ ಫೋಟೋವನ್ನು ಫೋನಿನಲ್ಲಿ ನೋಡುತ್ತ, ಬಲಗೈಯಿಂದ ಚೌಕ ತುಂಬುತ್ತಿದ್ದರು. ಅಲ್ಲಿನ ಪ್ಲಗ್ಗುಗಳೆಲ್ಲ ಯಂತ್ರಗಳಿಗೆ ಮೀಸಲು. ಬ್ಯಾಟರಿ ಬರುತ್ತಿದ್ದದ್ದು ಮೂರೂವರೆ ಗಂಟೆ. ಕೊನೆಯ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗುತ್ತಿದ್ದರು.

"ನಿಮ್ಗಿಂತ ಮುಂಚೆ ಅದುಕ್ಕೇ ಸುಸ್ತಾಯ್ತದಲ್ಲ ಸಾಹೇಬ್ರೆ" ಎನ್ನುತ್ತಿದ್ದಳು ನರ್ಸ್ ಮಮತ.

"ಅದುನ್ನ ಗೋಡೆಗ್ ಚುಚ್ಚಿದ್ರೆ ಸರಿಹೋಗುತ್ತಮ್ಮ. ನನ್ನ ಚುಚ್ಚಿದ್ರೂ ಸರಿಹೋಗಲ್ಲ."

ಹನ್ನೊಂದು ಸರದಿಯಲ್ಲಿ ಹೆಂಗಸು ಮುಗಿದಳು. ಬ್ಯಾಟರಿಯ ಗುರುತು ಕೆಂಪಗಾಗಿತ್ತು. ಅವಸರದಲ್ಲಿ ಅನೀಸ್, ಪ್ರತಿ ಚಿತ್ರದ ಕೊನೆಗೂ ಒತ್ತುವ ಕೀಲಿಯನ್ನು ಒತ್ತಿದರು. ಊಟವಾದ ಮೇಲೆ ಕೈ ತೊಳೆಯುವಷ್ಟೇ ರೂಢಿ ಅದು. ಈ ಕಡೆಯ ಮಗ್ಗಗಳಲ್ಲಿ ಸೀರೆಯನ್ನು ಬೋರಲಾಗಿ ನೇಯುತ್ತಾರೆ, ಹೊರಮೈ ಕೆಳಗೆ. ಅದಕ್ಕಾಗಿ ಚಿತ್ರವನ್ನು ಎಡಬಲ ತಿರುಗಿಸಿ ಕೊಡಬೇಕು. ಕೀಲಿ ಮಾಡುವುದು ಅದನ್ನೇ. ಆದರೆ ಅಬ್ಬಾನ ಕಾಲದಲ್ಲಿ ಕೀಲಿ ಎಲ್ಲಿತ್ತು? ಅವರು ಕಾಗದದ ಮೇಲೇ ತಿರುಗಿಸಿ ಬರೆಯುತ್ತಿದ್ದರು. ಕಾಗದದಲ್ಲಿ ದೀಪ ಎಡಗೈಯಲ್ಲೇ ಇತ್ತು, ನೇಯ್ದಾಗ ಬಲಗೈಗೆ ಬರಲೆಂದು. ಚಿಕ್ಕಂದಿನಲ್ಲಿ ಅನೀಸರೇ ಅದನ್ನು ಕೇಳಿ, "ಮಗ್ಗ ಸರಿ ಮಾಡುತ್ತೆ ಬಿಡೋ" ಎಂದು ಅಬ್ಬಾನಿಂದ ಹೇಳಿಸಿಕೊಂಡಿದ್ದರು. ತಿಳಿದಿದ್ದ ಮಾತೇ. ಆ ಹೊತ್ತಿಗೆ ನೆನಪಾಗಲಿಲ್ಲ.

ಕಾರ್ಡುಗಳಾದವು, ಸರವಾಯಿತು, ಮಗ್ಗ ಏರಿತು. ಮೊದಲ ಸೀರೆ ಕತ್ತರಿಸಿ ಇಳಿಸಿದ ದಿನ ಅನೀಸ್ ಹೋದಾಗ ನೇಯುವ ಕದಿರಮ್ಮ ಸೆರಗನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಮಗ್ಗ ನಿಂತಿತ್ತು.

"ಸಾಬ್ರೆ, ಇವ್ಳು ಎಡಚಿ ಕಣ್ರೀ."

ಅನೀಸ್ ಹತ್ತಿರ ಹೋಗಿ ನೋಡಿದರು. ದೀಪ ಎಡಗೈಯಲ್ಲಿತ್ತು.

ಚಿಕ್ಕಬೀರಪ್ಪನೂ ಬಂದು ಬಗ್ಗಿ ನೋಡಿದ. "ಅಯ್ಯೋ, ಯಾರ್ ನೋಡ್ತಾರೆ ಬಿಡಮ್ಮ. ಉಟ್ಮೇಲೆ ಬೆನ್ ಹಿಂದೆ ಇರ್ತದೆ."

"ಎಡಗೈಲಿ ದೀಪ ಹಿಡಿದಿರೋ ಸೀರೇನ ಯಾವ್ ತಾಯಿ ಮಗಳ ಮದ್ವೆಗ್ ಉಡಿಸ್ತಾಳೆ? ನಿಮ್ ಮನೆಯವ್ರಿಗ್ ಉಡ್ಸಿ, ಆಮೇಲ್ ನಾನ್ ನೇಯ್ತೀನಿ."

ಚಿಕ್ಕಬೀರಪ್ಪ ತಲೆ ಕೆರೆದುಕೊಂಡ. ಅನೀಸರು ಸ್ಟೂಲಿನ ಮೇಲೆ ಕೂತರು. ಕೀಲಿಯನ್ನು ಇನ್ನೊಮ್ಮೆ ಒತ್ತಿದರೆ ಮುಗಿಯುತ್ತಿತ್ತು. ಆದರೆ ಚಿತ್ರ ಇರಲಿಲ್ಲ. ಆ ಅಗ್ಗದ ಲ್ಯಾಪ್‌ಟಾಪಿನಲ್ಲಿ ಜಾಗ ಸದಾ ತುಂಬಿರುತ್ತಿತ್ತು. ಕಾರ್ಡು ಆದ ಕೂಡಲೇ ಚಿತ್ರ ಅಳಿಸಿಹಾಕುವುದು ಅವರ ಪದ್ಧತಿ. ಕಾರ್ಡೇ ಇದೆಯಲ್ಲ, ಚಿತ್ರ ಯಾಕೆ ಎಂದು. ತೂತು ಹೊಡೆಯುವವರಿಗೆ ಫೋನು ಮಾಡಿದರೆ ಅವರೂ ಅಳಿಸಿದ್ದರು.

"ಬೀರಪ್ಪ, ಬರೋ ಸೋಮವಾರದವರೆಗೂ ಟೈಮ್ ಕೊಡು."

"ಈ ವಾರ ಬೇರೆ ಕಾರ್ಡ್ ಹಾಕ್ಕೊಂತೀನಿ. ಸೋಮವಾರ ಬಂದಿಲ್ಲ ಅಂದ್ರೆ ಕೇಳ್ಬೇಡಿ ಮತ್ತೆ. ನಿಮ್ ಕೈಲಿ ಆಗುತ್ತಾ?"

"ಗೊತ್ತಿಲ್ಲ."

ಮನೆಯಲ್ಲಿ ಹೆಂಡತಿ ಮೆಹ್ನಾಜ್ ಎಲ್ಲ ಕೇಳಿ, "ಬಸ್ ಕರೋ ಜೀ, ಸಾಕು ಮಾಡಿ" ಎಂದಳು. ಅಷ್ಟು ಹೇಳಿ ಎದ್ದು ಹೋಗಿ ಟ್ರಂಕಿನಿಂದ ಕಾಗದ ತಂದಳು. ಕನ್ನಡಕ ಹಾಕಿಕೊಂಡು ಮಂಚದ ಪಕ್ಕ ಕೂತಳು.

"ಎಲ್ಲಿಂದ?"

"ಕೆಳಗಿಂದ. ಪಾದದಿಂದ."

ಹಿಂದೆ ಅಬ್ಬಾ ಕೆಲಸ ಮಾಡುತ್ತಿದ್ದದ್ದೂ ಹೀಗೇ. ಒಬ್ಬರು ಚೌಕ ಕೂಗಬೇಕು, ಒಬ್ಬರು ಮಾಡಬೇಕು. ಮೆಹ್ನಾಜ್ ಕೂಗಿದಳು: "ನಾಲ್ಕು ತುಂಬು, ಎರಡು ಬಿಡು. ಒಂದು ತುಂಬು, ಏಳು ಬಿಡು." ಅನೀಸ್ ಮಗ್ಗುಲಾಗಿ ಮಲಗಿ, ದಿಂಬಿಗೆ ಒರಗಿಸಿದ ಲ್ಯಾಪ್‌ಟಾಪಿನಲ್ಲಿ ಒಂದು ಬೆರಳಿನಿಂದ ತುಂಬಿದರು. ಫೋಟೋ ನೋಡಿ ನೋಡಿ ಹುಡುಕುವ ಕಷ್ಟವಿರಲಿಲ್ಲವಾಗಿ ಕೆಲಸ ಬೇಗ ಸಾಗಿತು. ಆದರೂ ಅರ್ಧ ಗಂಟೆಗೊಮ್ಮೆ ಬೆರಳು ನಿಲ್ಲುತ್ತಿತ್ತು. ಆಗ ಆಕೆ ಸಾಲಿನ ಮೇಲೆ ಕಡ್ಡಿಯಿಟ್ಟು ಕಾಯುತ್ತಿದ್ದಳು. ಗೆದ್ದಲು ತಿಂದ ಮೂಲೆ ಬಂದಾಗ, "ಇಲ್ಲಿ ಏನೂ ಇಲ್ಲ" ಎಂದಳು.

"ಅಲ್ಲಿ ಬಳ್ಳಿ ಇತ್ತು. ನಂಗ್ ಗೊತ್ತು."

ಶುಕ್ರವಾರ ಆಸ್ಪತ್ರೆಯಲ್ಲಿ ಸಾಲು ಕೂಗಿದ್ದು ಮಮತ, ಬಿಡುವಾದಾಗಲೆಲ್ಲ ಬಂದು. ಸೂಜಿ ತೆಗೆದ ಮೇಲೆ ಅನೀಸ್ ಒಂದು ತುಂಡು ಪ್ಲಾಸ್ಟರ್ ಕೇಳಿದರು. ಕೈಗೆ ಎಂದುಕೊಂಡು ಅವಳು ಕೊಟ್ಟಳು. ಅವರು ಅದನ್ನು ಎಡಬಲ ತಿರುಗಿಸುವ ಆ ಕೀಲಿಯ ಮೇಲೆ ಅಂಟಿಸಿದರು.

ಶನಿವಾರ ಸಂಜೆ ಚಿತ್ರ ಮುಗಿಯಿತು. ಅಳಿಸಲಿಲ್ಲ. ಜಾಗಕ್ಕಾಗಿ ಬೇರೆಯವನ್ನು ಅಳಿಸಿದರು, ತಮ್ಮವನ್ನು, ಕಾರ್ಡಾಗದೆ ಉಳಿದಿದ್ದ ಹನ್ನೆರಡು ವರ್ಷದವನ್ನು. ಸೋಮವಾರ ಕಾರ್ಡುಗಳು ಮಗ್ಗದ ಮನೆ ಸೇರಿದವು.

ಸೆರಗು ನೇಯ್ದು ಮುಗಿಯುವ ದಿನ ಆಟೋದಲ್ಲಿ ಹೋದರು. ಲ್ಯಾಪ್‌ಟಾಪ್ ಚೀಲವೂ ಜೊತೆಗಿತ್ತು, ಬೇಕಾಗಿರದಿದ್ದರೂ. ಮಗ್ಗದ ಮೇಲಿಂದ ನೋಡಿದರೆ ಒಳಮೈಯ ಜರಿ ಎಳೆಗಳಷ್ಟೇ, ಒಂದೂ ತಿಳಿಯದು. ಸೀರೆ ಕತ್ತರಿಸಲು ಇನ್ನೂ ಎರಡು ದಿನ. ಕದಿರಮ್ಮ ಕೆಳಗೆ ಹಿಡಿದು ನೋಡುವ ಕನ್ನಡಿ ತಂದಳು.

"ಬೇಡ. ಅದ್ರಲ್ ಮತ್ತೆ ಎಡಚಿ ಆಗ್ತಾಳೆ."

"ಇನ್ನೇನ್ ಮಾಡ್ತೀರ? ಎರಡು ದಿನ ಬಿಟ್ಟು ಬನ್ನಿ."

ಅನೀಸ್ ಚೀಲ ಕೆಳಗಿಟ್ಟರು. ಮಗ್ಗದ ಕಾಲು ಹಿಡಿದು ಮೊದಲು ಮಂಡಿಯೂರಿದರು. ಆಮೇಲೆ ಕೂತರು, ಆಮೇಲೆ ನೂಲಿನ ಧೂಳಿನ ನೆಲದ ಮೇಲೆ ಅಂಗಾತ ಮಲಗಿದರು. ಕದಿರಮ್ಮ ಮಗ್ಗ ನಿಲ್ಲಿಸಿ ಲ್ಯಾಪ್‌ಟಾಪ್ ಚೀಲವನ್ನೇ ಅವರ ತಲೆಯ ಕೆಳಗಿಟ್ಟಳು. ತನ್ನ ಫೋನಿನ ಬೆಳಕು ಹಾಕಿ ಒಳಗೆ ಹಿಡಿದಳು.

"ಯಾವ್ ಕೈ ಸಾಬ್ರೆ?" ಎಂದಳು.

"ಬಲಗೈ."

"ಸರಿ ಏಳಿ ಹಂಗಾದ್ರೆ."

"ಇರಮ್ಮ ಸ್ವಲ್ಪ ಹೊತ್ತು. ಏಳಕ್ ಆಗ್ತಿಲ್ಲ."

ಚಿಕ್ಕಬೀರಪ್ಪ ಬಂದು ಎಬ್ಬಿಸುವವರೆಗೂ ಅವರು ಹಾಗೇ ಮಲಗಿದ್ದರು. ಅದಾದ ಹದಿನೇಳನೆಯ ದಿನ ಹೋದರು. ಲ್ಯಾಪ್‌ಟಾಪ್ ಮೆಹ್ನಾಜ್ ಹತ್ತಿರ ಇದೆ. ಅದರಲ್ಲಿ ಒಂದೇ ಚಿತ್ರ ಇದೆ, ಕೀಲಿಯ ಮೇಲೆ ಪ್ಲಾಸ್ಟರ್ ಇದೆ. ಆಕೆ ಮಂಗಳವಾರ, ಶುಕ್ರವಾರ ಚಾರ್ಜಿಗೆ ಹಾಕುತ್ತಾಳೆ.